ಮಂಗಳವಾರದ ಎರಡು ಮೀಟರ್

ಸೋಮವಾರದ ದಿನ ಭೂಮಿಗೆ ಕಬ್ಬಿಣ ಮುಟ್ಟಿಸಬಾರದು. ಬಿಳಿಕಲ್ಲಹಟ್ಟಿಯಲ್ಲಿ ಈ ಮಾತನ್ನು ಯಾರೂ ಯಾರನ್ನೂ ಕೂರಿಸಿಕೊಂಡು ಕಲಿಸಿದ್ದಿಲ್ಲ. ಎದೆಹಾಲಿನ ಜೊತೆಗೇ ಅದು ಮಕ್ಕಳ ಮೈಗೆ ಇಳಿದಿರುತ್ತದೆ. ಆ ದಿನ ಗುದ್ದಲಿ ಗೋಡೆಗೊರಗಿ ನಿಂತಿರುತ್ತದೆ, ಟೀ ಗಿಡ ಸವರುವ ಕತ್ತಿ ಸೂರಿನಲ್ಲಿ ಸಿಕ್ಕಿಸಿದಲ್ಲೇ ಇರುತ್ತದೆ. ಅದು ಶಿವನ ದಿನ; ಆರು ದಿನ ನಮ್ಮನ್ನು ಹೊತ್ತ ಭೂತಾಯಿ ಒಂದು ದಿನ ಮೈಚಾಚಿ ಮಲಗಲಿ ಎಂದು ನಲವತ್ತೊಂದು ಮನೆಯವರು ಅಂಗಳವನ್ನು ಕೂಡ ಮೆತ್ತಗೆ ಗುಡಿಸುತ್ತಾರೆ.

ನೀಲಗಿರಿಯ ಸೋಲೂರಿನಿಂದ ಇನ್ನೂ ಒಳಕ್ಕೆ ಇರುವ ಆ ಹಟ್ಟಿ ವಿದ್ಯಾಳಿಗೆ ಅಮ್ಮನ ತವರು. ಅವಳು ಹುಟ್ಟಿ ಬೆಳೆದದ್ದು ಊಟಿಯಲ್ಲಿ. ಭೂವಿಜ್ಞಾನ ಓದಿ, ಬೆಟ್ಟದ ಇಳಿಜಾರುಗಳ ಮೇಲೆ ಕಣ್ಣಿಡುವ ಕಚೇರಿಯೊಂದಕ್ಕೆ ಸೇರಿ ಆರು ವರ್ಷವಾಗಿತ್ತು. ಕೊರಳಲ್ಲಿ ಇಷ್ಟಲಿಂಗ, ಹೆಗಲ ಚೀಲದಲ್ಲಿ ಸುತ್ತಿಗೆ, ಎರಡೂ ಅವಳಿಗೆ ಭಾರವೆನಿಸಿದ್ದಿಲ್ಲ.

ಜುಲೈ ಮಳೆಗೆ ಹಟ್ಟಿಯ ನೆತ್ತಿಯ ಮೇಲಿನ ಟೀ ಸಾಲುಗಳ ನಡುವೆ ನೆಲ ಬಿರುಕು ಬಿಟ್ಟಿತು. ಬೆರಳು ತೂರುವಷ್ಟು ಅಗಲ, ಹಾವು ಮಲಗಿದ ಹಾಗೆ ಉದ್ದ. ತಾನಾಗಿ ಅಳೆಯುವ ಯಂತ್ರ ಬರುವುದಕ್ಕೆ ತಿಂಗಳುಗಳಾಗುತ್ತವೆ ಎಂದರು ಕಚೇರಿಯಲ್ಲಿ. ಅಲ್ಲಿಯವರೆಗೆ ಇರಲಿ ಎಂದು ವಿದ್ಯಾ ಬಿರುಕಿನ ಆಚೆಗೊಂದು ಈಚೆಗೊಂದು ಕಬ್ಬಿಣದ ಸರಳು ಹೊಡೆದು, ನಡುವೆ ಸರಿಯಾಗಿ ಎರಡು ಮೀಟರ್ ಇಟ್ಟು, ಟೇಪನ್ನು ಕರಿಯ ಮಾಮನ ಕೈಗೆ ಕೊಟ್ಟಳು.

ಕರಿಯ ಮಾಮ ಅಂದರೆ ಅವಳ ತಾಯಿಯ ಅಣ್ಣ, ಹಟ್ಟಿಯ ಹಿರೀಕ. ಮೂವತ್ತು ವರ್ಷ ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗಿದ ಮನುಷ್ಯ. ಒಬ್ಬರ ಮೂಟೆ ಇಳಿಸಿದ ಮೇಲೆ ಮುಳ್ಳು ಸೊನ್ನೆಗೆ ಬಂದು ನಿಲ್ಲುವ ತನಕ ಇನ್ನೊಬ್ಬರ ಮೂಟೆ ಮುಟ್ಟಿದವರಲ್ಲ. "ಮೊದಲು ಸೊನ್ನೆ, ಆಮೇಲೆ ತೂಕ" ಎಂದು ಅವರು ಹೇಳಿದರೆ ಎಲೆ ತಂದ ಹೆಂಗಸರು "ಶುರುವಾಯಿತು ಮಂತ್ರ" ಎಂದು ನಗುತ್ತಿದ್ದರು.

"ದಿನಾ ಬೆಳಗ್ಗೆ ಅಳೆದು, ಪುಸ್ತಕದಲ್ಲಿ ಬರೆದು, ಫೋಟೋ ಕಳಿಸಿ ಮಾಮ."

"ಸೋಮವಾರ?"

"ಸೋಮವಾರ ಬೇಡ. ನನಗೆ ಗೊತ್ತಿಲ್ಲವಾ?"

"ಬಲ್ಲ ಕೂಸು ನೀನು. ಒಂದು ಒಂಬತ್ತಾಗಲಿ" ಎಂದು ಅವಳ ತಲೆ ಮುಟ್ಟಿ ಹರಸಿದರು ಮಾಮ.

ಆವತ್ತಿನಿಂದ ಹನ್ನೆರಡು ವಾರ, ಸೋಮವಾರ ಬಿಟ್ಟು ಒಂದು ದಿನವೂ ತಪ್ಪದೆ ಫೋಟೋ ಬಂತು. ಅವಳು ಬಸ್ಸಿನಲ್ಲೋ ಬಾಗಿಲಲ್ಲೋ ನಿಂತು ಒಮ್ಮೆ ನೋಡುವಳು. ಎರಡು ಮೀಟರ್, ಅದರ ಮೇಲೆ ಮೂರೋ ಐದೋ ಮಿಲಿಮೀಟರ್. ಒಮ್ಮೊಮ್ಮೆ ಹತ್ತು ಹನ್ನೆರಡು, ಈಚೀಚೆಗೆ ಮೂವತ್ತು ನಲವತ್ತು. ಮಂಗಳವಾರ ನೋಡಿದರೆ ಮತ್ತೆ ಬರೀ ಎರಡು ಮೀಟರ್. ಶಿವನೇ ಕಾಪಾಡಿದ ಎಂದು ಫೋನು ಚೀಲಕ್ಕೆ ಹಾಕುವಳು. ನೋಡಲು ಹೋಗಬೇಕು ಎಂದುಕೊಂಡದ್ದು ಐದಾರು ಸಲ; ಹೋದದ್ದಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಊಟಿಯ ಹಳೆ ಬಂಗಲೆಯೊಂದರ ಹಾಲಿನಲ್ಲಿ ತರಬೇತಿ ಇಟ್ಟರು. ಶನಿವಾರ, ಭಾನುವಾರ, ಸೋಮವಾರ, ಮೂರು ದಿನ. ಭೂಮಿಯ ಕೆಲಸ ಮಾಡುವವರಿಗೆ ಡೇಟಾ ಸಾಫ್ಟ್‌ವೇರ್‌ ಕಲಿಸುವುದು. ಬರೀ ಕೇಳುವುದಲ್ಲ, ಅವರವರ ಲ್ಯಾಪ್‌ಟಾಪಿನಲ್ಲಿ ಅವರವರ ಅಂಕಿಗಳನ್ನು ಹಾಕಿ ತಾವೇ ಮಾಡಿ ನೋಡುವುದು. ಹದಿನೆಂಟು ಜನ ಬಂದಿದ್ದರು. ಗೂಡಲೂರಿನ ಮಣ್ಣು ತಜ್ಞರು, ಅವಲಾಂಚಿನ ಅಣೆಕಟ್ಟಿನ ಕಡೆಯ ಒಬ್ಬರು, ಮಳೆ ಲೆಕ್ಕ ನೋಡುವ ಜೀವಿತಾ. ಜೀವಿತಾ ಕೂಡ ಬೆಟ್ಟದ ಹುಡುಗಿಯೇ. ಬಾಯಿ ಜೋರು, ಮನಸ್ಸು ಬೆಣ್ಣೆ. ಕಲಿಸುವವರು ಚೆನ್ನೈಯಿಂದ ಬಂದ ಕಾರ್ತಿಕೇಯನ್, ಐವತ್ತು ದಾಟಿದ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡ ಸಂಭಾವಿತ. ಹೊರಗೆ ಮಂಜು ಗಾಜಿಗೆ ಮೂಗೊತ್ತಿ ಒಳಗೆ ನೋಡುತ್ತಿತ್ತು. ವಾಯುಭಾರ ಕುಸಿದಿದೆ, ಸೋಮವಾರದಿಂದ ದೊಡ್ಡ ಮಳೆ ಎಂದು ಎಲ್ಲರ ಫೋನಿನಲ್ಲೂ ಬಂದಿತ್ತು.

ಮೊದಲ ದಿನ ಕಾರ್ತಿಕೇಯನ್ ಬೇರೆ ದೇಶದ ಒಂದು ಬೆಟ್ಟದ ಕಥೆ ಹೇಳಿದರು. ಜಾರುವ ಬೆಟ್ಟ ಒಮ್ಮೆಲೇ ಜಾರುವುದಿಲ್ಲ. ಮೊದಲು ತೆವಳುತ್ತದೆ, ಆಮೇಲೆ ನಡೆಯುತ್ತದೆ, ಆಮೇಲೆ ಓಡುತ್ತದೆ. ಅದರ ವೇಗವನ್ನು ತಲೆಕೆಳಗು ಮಾಡಿ, ಎಂದರೆ ಒಂದನ್ನು ವೇಗದಿಂದ ಭಾಗಿಸಿ, ಗೆರೆ ಎಳೆದರೆ ಗೆರೆ ಇಳಿಯುತ್ತಾ ಹೋಗುತ್ತದೆ; ಅದು ಸೊನ್ನೆ ಮುಟ್ಟುವ ಜಾಗದಲ್ಲಿ ಯಾವ ತಾರೀಖಿದೆಯೋ ಆ ತಾರೀಖಿನ ಆಸುಪಾಸಿನಲ್ಲಿ ಬೆಟ್ಟ ಬೀಳುತ್ತದೆ. ಎಲ್ಲರೂ ಬರೆದುಕೊಂಡರು.

ಭಾನುವಾರ ಮಧ್ಯಾಹ್ನ ಅವರು ವಿದ್ಯಾಳ ಅಂಕಿಗಳನ್ನೇ ಎತ್ತಿಕೊಂಡು ದೊಡ್ಡ ತೆರೆಯ ಮೇಲೆ ಹಾಕಿದರು. ಗರಗಸದ ಹಲ್ಲಿನ ಹಾಗೆ ಗೆರೆ ಎದ್ದಿತು. ಏರುತ್ತದೆ, ಧೊಪ್ಪನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕೊನೆಕೊನೆಯ ಹಲ್ಲುಗಳು ಇನ್ನೂ ಎತ್ತರ.

"ನೋಡಿ, ಎಷ್ಟು ದಿನಕ್ಕೊಂದು ಸಲ ಇಳಿದಿದೆ? ಏಳು. ಭೂಮಿಗೆ ವರ್ಷ ಗೊತ್ತು, ತಿಂಗಳು ಗೊತ್ತು, ಹಗಲು ರಾತ್ರಿ ಗೊತ್ತು. ವಾರ ಗೊತ್ತಿಲ್ಲ. ವಾರ ಮಾಡಿದ್ದು ಮನುಷ್ಯ. ಏಳು ದಿನದ ತಾಳ ಕಂಡರೆ ಅದು ಬೆಟ್ಟದ್ದಲ್ಲ, ಅಳೆಯುವವನದ್ದು. ತೆಗೆದುಬಿಡಿ."

"ಶನಿವಾರ ಬಾಟಲಿ, ಭಾನುವಾರ ಟೇಪು ಸಾರ್" ಎಂದರು ಹಿಂದಿನ ಸಾಲಿನಲ್ಲಿ ಯಾರೋ. ಹಾಲೆಲ್ಲ ನಕ್ಕಿತು. ವಿದ್ಯಾ ನಗಲಿಲ್ಲ. ಹುಟ್ಟಿದಾಗಿನಿಂದ ಕುಡಿತವಿರಲಿ, ಒಂದು ಬೀಡಿ ಸೇದಿದವರಲ್ಲ ಕರಿಯ ಮಾಮ.

ಕಾರ್ತಿಕೇಯನ್ ಎರಡು ಸಾಲು ಕೋಡ್ ಬರೆದು ವಾರದ ತಾಳವನ್ನು ಕಳೆದರು. ಹಲ್ಲುಗಳೆಲ್ಲ ಉದುರಿದವು. ಉಳಿದದ್ದು ಕೆರೆಯ ನೀರಿನಂಥ ಒಂದು ಗೆರೆ, ಅಲುಗಾಟವಿಲ್ಲ. "ನಿಮ್ಮ ಬೆಟ್ಟ ನಿದ್ದೆ ಮಾಡ್ತಿದೆ ಅಮ್ಮಾ" ಎಂದರು. ಮನಸ್ಸಿನ ಮೂಲೆಯಲ್ಲಿ ಏನೋ ಕೊರೆದರೂ, ಕೇಳಿದ ಮಾತು ಬೇಕಾದ ಮಾತೇ ಆಗಿದ್ದಾಗ ಯಾರು ತಾನೇ ಕೆದಕುತ್ತಾರೆ? ಮಂಗಳವಾರ ಜಿಲ್ಲಾ ಕಚೇರಿಯಲ್ಲಿ ಸಭೆಯಿತ್ತು, ಹಟ್ಟಿಯನ್ನು ಖಾಲಿ ಮಾಡಿಸಬೇಕೋ ಬೇಡವೋ ಎಂದು. ಅವಳು ಆ ನೇರ ಗೆರೆಯನ್ನು ಸಂಜೆಯೇ ತನ್ನ ಮೇಲಧಿಕಾರಿಗೆ ಕಳಿಸಿದಳು. ಆಮೇಲೆ ಮಾಮನಿಗೂ ಫೋನಿನಲ್ಲಿ ದನಿ ಕಳಿಸಿದಳು: "ಮಾಮ, ಹಟ್ಟಿಗೆ ಭಯವಿಲ್ಲ. ಎಲ್ಲರಿಗೂ ಹೇಳಿಬಿಡಿ."

ಆದರೂ ಬಾಟಲಿಯ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಸೋಮವಾರ ಹತ್ತೂವರೆಗೆ ಚಹಾಕ್ಕೆ ಬಿಟ್ಟಾಗ ಅವಳು ವರಾಂಡದ ಮೂಲೆಗೆ ಹೋಗಿ ಮಾಮನಿಗೆ ಫೋನು ಮಾಡಿದಳು. ಮಾಮನ ಮಾನ ಉಳಿಸುವ ಒಂದು ಕಾರಣ ಸಿಕ್ಕರೆ ಸಾಕಿತ್ತು.

"ಮಾಮ, ಮಂಗಳವಾರ ಮಾತ್ರ ಅಳತೆ ಸರಿಯಾಗಿ ಎರಡೇ ಮೀಟರ್ ಯಾಕೆ ಬರುತ್ತೆ?"

"ಬಾರದೆ ಏನು? ನಾನೇ ಅಲ್ಲವಾ ಇಡೋದು" ಎಂದರು ಮಾಮ ಅಭಿಮಾನದಿಂದ.

"ಇಡೋದು ಅಂದ್ರೆ?"

"ಭಾನುವಾರ ಸಂಜೆ ಸರಳು ಕೀಳ್ತೇನೆ, ಮಂಗಳವಾರ ಬೆಳಗ್ಗೆ ಹೂಳ್ತೇನೆ. ಸೋಮವಾರ ತಾಯಿ ಮೈಯೊಳಗೆ ಕಬ್ಬಿಣ ನಿಲ್ಲಿಸಿ ನಾನು ಹಣೆಗೆ ವಿಭೂತಿ ಹಚ್ಚೋದಾ ಕೂಸೇ? ಸೋಮವಾರ ಬೇಡ ಅಂತ ನೀನೇ ಅಂದಿಯಲ್ಲ."

ವಿದ್ಯಾ ಚಹಾದ ಲೋಟ ಕೆಳಗಿಟ್ಟಳು.

"ಮತ್ತೆ ಹೂಳುವಾಗ... ಅಳೆದು ಹೂಳ್ತೀರಾ?"

"ಅಳೆಯದೆ? ವಾರವಾರ ಒಂದು ಗೇಣು ಪಕ್ಕಕ್ಕೆ ಸರಿದು, ನೀನು ಇಟ್ಟ ಹಾಗೇ, ಎರಡು ಮೀಟರಿಗೆ ಒಂದು ಕೂದಲು ಹೆಚ್ಚಿಲ್ಲ ಕಮ್ಮಿಯಿಲ್ಲ. ಮೊದಲು ಸೊನ್ನೆ, ಆಮೇಲೆ ತೂಕ. ಈಗ ಸರಳು ನಮ್ಮ ಮನೇಲಿ ಬಟ್ಟೆ ಸುತ್ತಿ ಇಟ್ಟಿದೆ. ಹಾ, ನೀನು ಭಯ ಇಲ್ಲ ಅಂದ ಮೇಲೆ ಬಿರುಕಿಗೆ ಹೆದರಿ ಲವ್‌ಡೇಲಿನ ನೆಂಟರಲ್ಲಿಗೆ ಹೋಗಿದ್ದ ಆರು ಮನೆಯವರೂ ಬೆಳಗ್ಗೆ ಬಸ್ಸಿಗೇ ಬಂದಿಳಿದರು. ನಮ್ಮ ಲಿಂಗಿ ಮುದುಕಿ ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು ಅಂತಿದ್ದಾಳೆ."

ವಿದ್ಯಾ ಒಳಗೆ ಬಂದು ಲ್ಯಾಪ್‌ಟಾಪ್ ಮುಂದೆ ಕುಳಿತಳು. ನಿನ್ನೆ ಕಳೆದಿದ್ದ ಹಲ್ಲುಗಳನ್ನೆಲ್ಲ ಮತ್ತೆ ತಂದಳು. ಮಾಮ ಪ್ರತಿ ಮಂಗಳವಾರ ಸೊನ್ನೆಗೆ ತಂದದ್ದನ್ನು ಸೊನ್ನೆಯೆಂದು ಎಣಿಸದೆ, ಒಂದು ವಾರ ಮುಗಿದಲ್ಲಿಂದ ಮುಂದಿನ ವಾರವನ್ನು ಏರಿಸಿದಳು. ಇಟ್ಟಿಗೆಯ ಮೇಲೆ ಇಟ್ಟಿಗೆ. ಅಳೆಯದ ದಿನಗಳಿಗೆ ಹಿಂದುಮುಂದಿನ ವೇಗ ನೋಡಿ ಅಂದಾಜು ತುಂಬಿದಳು. ಮೊದಲ ವಾರ ಎರಡು ಮಿಲಿಮೀಟರ್. ಆಮೇಲೆ ಮೂರು, ಮೂರು, ನಾಲ್ಕು, ಐದು, ಆರು, ಎಂಟು. ಆಮೇಲೆ ಹತ್ತು, ಹದಿನಾಲ್ಕು, ಹದಿನೆಂಟು, ಇಪ್ಪತ್ತೇಳು. ಕಳೆದ ವಾರ ನಲವತ್ತೊಂದು. ಅಳೆಯದ ದಿನಗಳದ್ದೂ ಸೇರಿ ಹತ್ತೊಂಬತ್ತು ಸೆಂಟಿಮೀಟರ್. ತೆರೆಯ ಮೇಲೆ ಗೆರೆ ಮೊದಲು ಮಲಗಿ, ಆಮೇಲೆ ಕೂತು, ಕೊನೆಗೆ ಎದ್ದು ನಿಂತಿತು.

"ಏನಿದು? ಯಾರ ಬೆಟ್ಟ?" ಎಂದಳು ಪಕ್ಕದಲ್ಲಿದ್ದ ಜೀವಿತಾ.

"ನಂದೇ."

"ನಿನ್ನೆ ನಿದ್ದೆ ಮಾಡ್ತಿತ್ತಲ್ಲೇ?"

"ನಿದ್ದೆ ಮಾಡಿದ್ದು ನಾನು."

ಅವಳು ಶನಿವಾರ ಬರೆದುಕೊಂಡದ್ದನ್ನು ತೆಗೆದು, ವೇಗವನ್ನು ತಲೆಕೆಳಗು ಮಾಡಿ ಗೆರೆ ಎಳೆದಳು. ಅದು ಮೆಟ್ಟಿಲಿಳಿಯುವ ಮುದುಕನ ಹಾಗೆ ಇಳಿದು ಇಳಿದು ಸೊನ್ನೆ ಮುಟ್ಟಿತು. ಅಲ್ಲಿದ್ದ ತಾರೀಖು ನಾಳಿನದು, ತಪ್ಪಿದರೆ ನಾಡಿದ್ದಿನದು. ಅದೂ ಮಳೆಯನ್ನು ಲೆಕ್ಕಕ್ಕೆ ಹಿಡಿಯದೆ.

ಕಾರ್ತಿಕೇಯನ್ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಕೆಳಗೆ ಮನೆಗಳಿವೆಯಾ ಅಮ್ಮಾ?"

"ನಲವತ್ತೊಂದು ಸಾರ್."

"ಏಳು ದಿನದ್ದು ಮನುಷ್ಯನ ತಾಳ ಅಂತ ಸರಿಯಾಗೇ ಹೇಳಿದೆ. ಆ ಮನುಷ್ಯ ಯಾರು, ಯಾಕೆ ಅಂತ ನಿಮ್ಮನ್ನ ಕೇಳಲಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿ, ಅವಳ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡರು. "ಜಿಲ್ಲಾ ಕಚೇರಿಗೆ, ನಿಮ್ಮ ಸಾಹೇಬರಿಗೆ ನಾನೇ ಮಾತಾಡ್ತೀನಿ. ತಪ್ಪು ನನ್ನದು ಅಂತಲೇ ಹೇಳ್ತೀನಿ. ನೀವು ಹೊರಡಿ."

ಕಚೇರಿಯ ಜೀಪು ಹಟ್ಟಿ ಮುಟ್ಟುವಾಗ ಒಂದು ಗಂಟೆ. ಮಳೆ ಇನ್ನೂ ಬಿದ್ದಿರಲಿಲ್ಲ. ಆಕಾಶ ಎಮ್ಮೆಯ ಹೊಟ್ಟೆಯ ಹಾಗೆ ಕೆಳಗೆ ಜೋತಿತ್ತು. ಅಂಗಳಗಳಲ್ಲಿ ಗುಡಿಸಿದ ಗುರುತು ಹಾಗೇ ಇತ್ತು. ಲವ್‌ಡೇಲಿನಿಂದ ಬಂದವರ ಗಂಟುಗಳು ಜಗಲಿಯ ಮೇಲೆ ಇನ್ನೂ ಬಿಚ್ಚದೆ ಕುಳಿತಿದ್ದವು. ವಿದ್ಯಾ ಮಾಮನನ್ನು ಕರೆದುಕೊಂಡು ನೇರ ಮೇಲಕ್ಕೆ ಹೋದಳು.

ಬೆರಳಷ್ಟಿದ್ದ ಬಿರುಕಿನೊಳಗೆ ಈಗ ಪೂರ್ತಿ ಮುಷ್ಟಿ ಇಳಿಯುತ್ತಿತ್ತು. ಒಳಗಿನಿಂದ ತಣ್ಣನೆ ಗಾಳಿ, ಹಸಿಮಣ್ಣಿನ ವಾಸನೆ.

"ದಿನಾ ನೋಡೋರು ನೀವು, ಅಗಲ ಆಗಿದ್ದು ಕಾಣಲಿಲ್ಲವಾ ಮಾಮ?"

"ಕಂಡಿತು. ಕಣ್ಣಿಗಿಂತ ಟೇಪು ದೊಡ್ಡದು ಅಂತ ನೀನೇ ಹೇಳಿದ್ದಿಯಲ್ಲ. ಟೇಪು ಎರಡು ಅಂದರೆ ಎರಡೇ ಅಂದುಕೊಂಡೆ."

ಮತ್ತೆ ಅಳೆಯಬೇಕಿತ್ತು. ಆದರೆ ಸರಳಿಲ್ಲದೆ ಏನನ್ನು ಅಳೆಯುವುದು? ಈ ದಿನ ಇಲ್ಲಿ ಸರಳು ಹೊಡೆಯಿರಿ ಎಂದು ಮಾಮನಿಗೆ ಹೇಳುವ ಎದೆ ಅವಳಿಗಿರಲಿಲ್ಲ. ಹಾಗೇ ನೆಲ ನೋಡುತ್ತ ನಿಂತವಳಿಗೆ ಹುಲ್ಲಿನ ನಡುವೆ ಬೂದಿಬಣ್ಣದ ಬೊಟ್ಟುಗಳು ಕಂಡವು. ಬಿರುಕಿನ ಆಚೆ ಒಂದು ಸಾಲು, ಈಚೆ ಒಂದು ಸಾಲು, ಗೇಣಿಗೊಂದರಂತೆ.

"ಇವೇನು?"

"ಸರಳು ಕಿತ್ತ ತೂತು. ಗಾಯ ಬಿಟ್ಟು ಹೋಗಬಾರದು ಅಂತ ಜೇಡಿಮಣ್ಣಿಗೆ ವಿಭೂತಿ ಕಲಸಿ ಮುಚ್ಚಿದೆ" ಎಂದರು ಮಾಮ ಸಂಕೋಚದಿಂದ.

ಆಚೆ ಹನ್ನೆರಡು, ಈಚೆ ಹನ್ನೆರಡು. ಪ್ರತಿ ಜೋಡಿಯನ್ನೂ ಒಂದು ಕಾಲಕ್ಕೆ ಸರಿಯಾಗಿ ಎರಡು ಮೀಟರಿಗೆ ಹೂಳಿದ್ದು. ಕಳೆದುಹೋಯಿತೆಂದುಕೊಂಡ ಲೆಕ್ಕವನ್ನೆಲ್ಲ ಆ ಮುದುಕನ ಭಕ್ತಿ ನೆಲದ ಮೇಲೇ ಬರೆದಿಟ್ಟಿತ್ತು. ನಾರಿನ ಟೇಪಿನಲ್ಲಿ ಕಬ್ಬಿಣವಿಲ್ಲ, ಅದಕ್ಕೆ ನೆಲವನ್ನು ಚುಚ್ಚುವ ಅಗತ್ಯವೂ ಇಲ್ಲ. ಮೇಲೆ ಮಲಗಿಸಿದರೆ ಸಾಕು.

ಕಳೆದ ವಾರದ ಜೋಡಿ ಎರಡು ಮೀಟರ್ ಆರು ಸೆಂಟಿಮೀಟರ್ ಆಗಿತ್ತು. ಅವಳು ಒಂದೊಂದೇ ಜೋಡಿ ಹಿಂದಕ್ಕೆ ಹೋದಳು. ಒಂದೊಂದು ಜೋಡಿಗೂ ಅಂತರ ಹೆಚ್ಚುತ್ತ ಹೋಯಿತು. ಆಗಸ್ಟಿನಲ್ಲಿ ತಾನೇ ಸುತ್ತಿಗೆಯಿಂದ ಹೊಡೆದ ಮೊದಲ ಜೋಡಿಗೆ ಬಂದಾಗ ಅಂಕಿ ಓದುವ ತುದಿಯನ್ನು ಮಾಮನ ಕೈಗೆ ಕೊಟ್ಟಳು.

"ಓದಿ ಮಾಮ. ನೀವೇ ಓದಿ."

"ಎರಡು ಮೀಟರ್... ಇಪ್ಪತ್ತೊಂದು ಸೆಂಟಿಮೀಟರ್."

ನಿನ್ನೆ ಬೆಳಗ್ಗೆಗೆ ಅವಳ ಲೆಕ್ಕ ಹತ್ತೊಂಬತ್ತಕ್ಕೆ ನಿಂತಿತ್ತು. ಉಳಿದ ಎರಡು ಸೆಂಟಿಮೀಟರ್ ನಿನ್ನೆಯಿಂದ ಈಚೆಗೆ ನಡೆದದ್ದು.

ಕರಿಯ ಮಾಮ ಟೇಪು ಬಿಟ್ಟು ನೆಲದ ಮೇಲೆ ಅಂಗೈ ಊರಿ ಕುಳಿತುಬಿಟ್ಟರು. "ಹನ್ನೆರಡು ವಾರ ತಾಯಿ ನನ್ನ ಹತ್ತಿರ ಹೇಳ್ತಾ ಇದ್ದಳು. ವಾರವಾರ ನಾನು ಅವಳ ಬಾಯಿ ಮುಚ್ಚಿಸಿ ಸೊನ್ನೆಗೆ ತಂದೆ."

"ನಿಮ್ಮದಲ್ಲ ಮಾಮ. ನಾನು ಒಂದು ಸಲ ಬಂದು ನೋಡಿದ್ದರೆ..."

"ಅಳೋದು ಆಮೇಲೆ ಅಳೋಣ. ಎಷ್ಟು ಹೊತ್ತಿದೆ?"

"ಗೊತ್ತಿಲ್ಲ. ನಾಳೆಯ ತನಕ ಅಂತ ಗೆರೆ ಹೇಳ್ತು. ಮಳೆ ಬಂದರೆ ನಾಳೆಯ ತನಕ ಅಂತ ನಾನು ಹೇಳಲಾರೆ."

ಅವರು ಕೆಳಗಿಳಿದು ಹಟ್ಟಿಯ ನಡುವಿನ ಕಟ್ಟೆಯ ಹತ್ತಿರ ಜನ ಸೇರಿಸಿದರು. ಮೇಲಿನ ರಸ್ತೆಯ ಶಾಲೆ ಬಂಡೆಯ ಮೇಲಿದೆ, ಪಕ್ಕದ ದಾರಿಯಲ್ಲಿ ಎಲ್ಲರೂ ಅಲ್ಲಿಗೆ ಈಗಲೇ ಹೊರಡಬೇಕು ಎಂದಳು ವಿದ್ಯಾ. ಮೊದಲು ಎದ್ದದ್ದು ಲಿಂಗಿ. ಎಪ್ಪತ್ತು ದಾಟಿದ, ಬಾಯಲ್ಲಿ ನಾಲ್ಕೇ ಹಲ್ಲಿನ, ಮಾತಿಗೆ ಮಾತ್ರ ಮೂವತ್ತೆರಡೂ ಇರುವ ಮುದುಕಿ.

"ನಿನ್ನೆ ಭಯ ಇಲ್ಲ ಅಂದೆ. ಇವತ್ತು ಭಯ ಅಂತೀಯೆ. ನಾಳೆ ಏನು, ಮದುವೆ ಊಟ ಇದೆ ಅಂತೀಯಾ?"

ಕೆಲವರು ನಕ್ಕರು. ವಿದ್ಯಾ ತಲೆ ತಗ್ಗಿಸಿ, ಹಟ್ಟಿಯವರು ಅಜ್ಜಿಯನ್ನು ಕರೆಯುವ ಹಾಗೆ ಕರೆದಳು. "ನಿನ್ನೆ ಹೇಳಿದ್ದು ತಪ್ಪು, ಹೆತ್ತೆ. ಕಾಲಿಗೆ ಬೀಳ್ತೀನಿ."

"ಬೀಳೋದು ಬಿಡು. ಸೋಮವಾರ ಒಲೆ ಆರಿಸಿ ಮನೆ ಬಿಟ್ಟು ಹೋಗೋದುಂಟಾ? ನಮ್ಮ ಹಿರೀಕರು ಕೇಳಿದರೆ ಏನಂದಾರು?"

"ನಾನೇ ಹಿರೀಕ. ನನ್ನನ್ನು ಕೇಳು" ಎಂದರು ಕರಿಯ ಮಾಮ. ಅವರ ದನಿ ಏರಿರಲಿಲ್ಲ. ಆದರೂ ನಗು ನಿಂತಿತು. "ಸೋಮವಾರ ಭೂಮಿಗೆ ಕಬ್ಬಿಣ ಇಳಿಸಬೇಡಿ ಅಂದರು ನಮ್ಮವರು. ಕಾಲು ಎತ್ತಬೇಡಿ ಅಂತ ಯಾರೂ ಅಂದಿಲ್ಲ. ನನ್ನ ಮಾತು ನಂಬಬೇಡಿ. ಇವಳ ಕಂಪ್ಯೂಟರೂ ನಂಬಬೇಡಿ. ಮನೆಗೊಬ್ಬರು ಮೇಲೆ ಹತ್ತಿ ಬಂದು ನಾನು ಹಚ್ಚಿದ ಬೊಟ್ಟಿನ ಸಾಲು ನೋಡಿ ಬನ್ನಿ. ಸಾಲು ನೆಟ್ಟಗಿದ್ದರೆ ಮನೇಲಿ ಕೂತು ಉಣ್ಣಿ."

ಹತ್ತು ಹನ್ನೆರಡು ಜನ ಹತ್ತಿ ಹೋದರು. ಓದು ಬಾರದವರಿಗೂ ಅದು ಕಾಣುತ್ತಿತ್ತು: ಜೋಡೆತ್ತಿನ ನೊಗದ ಹಾಗೆ ಸಮನಾಗಿರಬೇಕಾಗಿದ್ದ ಎರಡು ಸಾಲುಗಳು ಒಂದು ಕೊನೆಯಲ್ಲಿ ಹತ್ತಿರ, ಇನ್ನೊಂದು ಕೊನೆಯಲ್ಲಿ ದೂರ. ಹೋದವರು ಮಾತಾಡುತ್ತ ಹೋದರು. ಇಳಿದವರು ನೇರ ತಮ್ಮ ತಮ್ಮ ಮನೆಗೆ ಹೋಗಿ ಹಸುಗಳ ಕಣ್ಣಿ ಬಿಚ್ಚಿದರು.

ನಾಲ್ಕು ಗಂಟೆಯ ಹೊತ್ತಿಗೆ ಹಟ್ಟಿ ಖಾಲಿಯಾಯಿತು. ಮುಂದೆ ಗುಡಿಯ ದೀಪ ಹಿಡಿದು ಕರಿಯ ಮಾಮ, ಹಿಂದೆ ಮಕ್ಕಳನ್ನು ಎತ್ತಿಕೊಂಡವರು, ಕಂಬಳಿ ಹೊತ್ತವರು, ಹಸು ಕರು, ಕೊನೆಗೆ ವಿದ್ಯಾ. ಅರ್ಧ ದಾರಿಗೆ ಮಳೆ ಹಿಡಿಯಿತು. ಜಿಲ್ಲಾ ಕಚೇರಿಯಿಂದ ಎರಡು ಬಸ್ಸು ಹೊರಟಿವೆ ಎಂದು ಕಾರ್ತಿಕೇಯನ್ ಫೋನು ಮಾಡಿದರು. ಲಿಂಗಿಯ ಬೆನ್ನಿಗೆ ಕೈಕೊಟ್ಟು ಹತ್ತಿಸುತ್ತಿದ್ದ ವಿದ್ಯಾ "ಬರಲಿ ಸಾರ್" ಎಂದಷ್ಟೇ ಹೇಳಿದಳು.

ಶಾಲೆಯ ಎರಡು ಕೋಣೆಯಲ್ಲಿ ನೂರೆಪ್ಪತ್ತು ಜನ ಒತ್ತಿ ಕುಳಿತರು. ವಿದ್ಯಾ ವರಾಂಡದಲ್ಲಿ ನಿಂತು ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಏನು ಬೇಡಬೇಕೆಂದು ತಿಳಿಯಲಿಲ್ಲ. ಬೆಟ್ಟ ನಿಲ್ಲಲಿ ಎಂದರೆ ನಾಳೆ ಬೆಳಗ್ಗೆ ಇವರೆಲ್ಲ ಎಲೆ ಕೊಯ್ಯಲು ಇಳಿದು ಹೋಗುತ್ತಾರೆ. ಆಮೇಲೆ ಅವಳ ಮಾತನ್ನು ಯಾರು ಕೇಳುತ್ತಾರೆ? ಬೀಳಲಿ ಎಂದು ಬೇಡುವ ನಾಲಿಗೆ ಯಾವ ಮಗಳಿಗಿದೆ? ಕೊನೆಗೆ ಅವಳು ಏನೂ ಬೇಡಲಿಲ್ಲ. ಕೆಳಗೆ ಕಣಿವೆಯಲ್ಲಿ ಹಟ್ಟಿಯ ಹೊಳೆ ಮಳೆನೀರು ಕುಡಿದು ಮೊರೆಯುತ್ತಿತ್ತು. ಆ ಮೊರೆತ ಕೇಳುತ್ತಿರುವ ತನಕ ಎಲ್ಲ ನೆಟ್ಟಗಿದೆ ಎಂಬ ಭಾವನೆ.

ಐದೂವರೆ ಇರಬಹುದು, ಬೆಳಕು ಇನ್ನೂ ಇತ್ತು. ಒಳಗೆ ಒಂದು ಮಗು ಅಳುತ್ತಿತ್ತು, ಯಾರೋ ಅವಲಕ್ಕಿ ಹಂಚುತ್ತಿದ್ದರು. ಲಿಂಗಿ ಎದ್ದು ಹೊರಗೆ ಬಂದು ಕಂಬ ಹಿಡಿದು ಕಿವಿಗೊಟ್ಟಳು.

"ನೀರು ನಿಂದತ್ತು" ಎಂದಳು.

ಮಳೆ ಧೋ ಎಂದು ಸುರಿಯುತ್ತಿತ್ತು. ಹೊಳೆಯ ದನಿ ಇರಲಿಲ್ಲ. ಮೇಲೆಲ್ಲೋ ಜಾರಿದ ಮಣ್ಣು ಅದರ ದಾರಿಗೆ ಅಡ್ಡ ಬಂದು ಕುಳಿತಿತ್ತು. ಕರಿಯ ಮಾಮ ದೀಪವನ್ನು ಕಿಟಕಿಯ ಮೇಲಿಟ್ಟು, ಒಬ್ಬೊಬ್ಬರ ತಲೆಯನ್ನೂ ಮುಟ್ಟುತ್ತ, ಜನರನ್ನು ಮೊದಲಿನಿಂದ ಎಣಿಸತೊಡಗಿದರು.